ಬರಹದ ಮಗ್ಗುಲು ಕೆಳಗೆ

ಬೆರಳ ತುದಿಯಲ್ಲಿ ಗೋಂದು ಒಣಗಿ ಸಿಪ್ಪೆ ಏಳುತ್ತಿದೆ, ಅದರ ಪೊರೆಯೋ ನನ್ನ ಚರ್ಮವೋ ತಿಳಿಯುವುದಿಲ್ಲ, ಕಿತ್ತರೆ ಸಣ್ಣಗೆ ಉರಿ — ಹಲಗೆಯ ಮೇಲಿನ ಕಡಲು ಮಾತ್ರ ಗಟ್ಟಿಯಾಗಿ ಕೂತಿದೆ, ಕಡಲು ಅಂದರೆ ಕಡಲಿನಂತೇನೂ ಇಲ್ಲ, ಮೂರು ಥರದ ಬೂದು, ಒಂದು ತುಕ್ಕಿನ ಪಟ್ಟಿ, ಬಲೆಯ ಚೂರು, ನನ್ನ ತಮ್ಮ ಮಾತ್ರೆ ಡಬ್ಬಿಗಳಲ್ಲಿ ತುಂಬಿ ಕಳಿಸುತ್ತಿದ್ದ ಮರಳು, ದೀಪಸ್ತಂಭ ಕಾಯುವ ಕೆಲಸ ಅವನದು, ಒಬ್ಬ ಜೊತೆಗಾರನನ್ನು ಬಿಟ್ಟರೆ ಹತ್ತು ಮೈಲಿ ಸುತ್ತ ಒಂದು ನರಪಿಳ್ಳೆ ಇಲ್ಲ, ತಿಂಗಳಿಗೊಂದು ಕಟ್ಟು ಬರುತ್ತಿತ್ತು, ಮೇಲೆ ದಪ್ಪಕ್ಷರದಲ್ಲಿ ಕಸದಕ್ಕನಿಗೆ ಎಂದು, ತಗೋ, ಸಮುದ್ರ ಬಿಸಾಕಿದ್ದು ನಿನ್ನ ಕೈಗೆ ಬಂದ್ರೆ ಕಲೆಯಂತಲ್ಲ — ನಲವತ್ತೆರಡಾದರೂ ಹಲ್ಲು ಕಿರಿಯುವುದು ಬಿಟ್ಟಿರಲಿಲ್ಲ. ಹಳೆಯ ಹವಾಮಾನದ ಹಾಳೆಗಳನ್ನೂ ಇಡುತ್ತಿದ್ದ, ಗಾಳಿ ಇಷ್ಟು, ಅಲೆ ಇಷ್ಟು, ನಾನು ಓದುವುದಿಲ್ಲ, ಬರಹದ ಮಗ್ಗುಲು ಕೆಳಗೆ ಮಾಡಿ ಅಂಟಿಸುತ್ತೇನೆ, ಇಲ್ಲದಿದ್ದರೆ ಶಾಯಿ ಬಣ್ಣಕ್ಕೆ ಇಳಿಯುತ್ತದೆ, ಓದುತ್ತ ಕೂತರೆ ಚಿತ್ರವಾಗುವುದಿಲ್ಲ ಎಂದು ಶಿಷ್ಯರಿಗೂ ಹೇಳಿಕೊಟ್ಟಿದ್ದೇನೆ, ಮಹಾ ಪಂಡಿತೆ, ಈ ಸಲ ಹಾಳೆಗಳ ನಡುವೆ ಗೆರೆ ಹಾಕಿದ ನೋಟ್‌ಬುಕ್ಕಿನದೊಂದು ಇತ್ತು, ತೆಳ್ಳಗಿದೆ, ಚೆನ್ನಾಗಿ ಕೂರುತ್ತದೆ ಅಂದುಕೊಂಡು ಅದನ್ನೂ ಅಂಟಿಸಿಬಿಟ್ಟಿದ್ದೆ — ಬೆಳಿಗ್ಗೆ ಅವನ ಜೊತೆಗಾರನ ಫೋನು, ಕಟ್ಟು ಬಂದು ಮೂರು ವಾರದ ಮೇಲೆ, ಅಕ್ಕಾವ್ರೇ, ಆ ಕಟ್ಟಲ್ಲಿ ಕಾಗದ ಇತ್ತಲ್ಲ, ಸಿಕ್ತಾ, ನಿಮ್ ತಮ್ಮ, ಎಲ್ಲಾ ಬರ್ದಿದೀನಿ, ಅಕ್ಕ ಓದಿದ ತಕ್ಷಣ ಫೋನ್ ಮಾಡ್ತಾಳೆ ಅಂತಿದ್ರು, ದಿನಾ ಕೇಳೋರು, ಫೋನ್ ಬಂತಾ ಬಂತಾ ಅಂತ.

ಕಟ್ಟು ಬಂದ ಮೇಲೆ ನಾಲ್ಕು ದಿನ ಅವನು ಬದುಕಿದ್ದ, ಐದನೆಯ ದಿನ ಬಂಡೆಯಿಂದ ಅಲೆ ಎಳೆದುಕೊಂಡು ಹೋಯಿತು, ಜಾರಿಬಿಟ್ರು ಪಾಪ ಅಂದರು ಎಲ್ಲರೂ, ಆ ಬಂಡೆಯ ಮೇಲೆ ಹದಿನಾರು ವರ್ಷ ಓಡಾಡಿದವನು, ಜಾರಿದನೋ, ತಾನಾಗಿ ಇಳಿದನೋ, ಅದೊಂದು ನನಗೆ ಗೊತ್ತಾಗಬೇಕು, ಗೊತ್ತಾದರೆ ಏನು ಮಾಡಲಿ, ಆ ಕಟ್ಟಿಗೆ ಮೊದಲು ಫೋನಿನಲ್ಲಿ, ಒಂದು ವಾರ ಬಂದು ಇರ್ಲಾ ಅಕ್ಕಾ, ಇಲ್ಲಿ ಯಾಕೋ ಆಗ್ತಿಲ್ಲ ಅಂದಿದ್ದ, ಪ್ರದರ್ಶನ ಮುಗೀಲಿ ಮಾರಾಯ, ಈಗ ತಲೆ ತಿನ್ಬೇಡ, ನಾನೇ, ಈ ಬಾಯಿಂದಲೇ — ಚಾಕುವನ್ನು ಹಾಳೆಯ ಮೂಲೆಗೆ ತೂರಿಸುತ್ತೇನೆ, ನೀರು ತಾಗಿಸಿದರೆ ಶಾಯಿ ಕರಗುತ್ತದೆ, ಒಣಗಿದ್ದನ್ನು ಎಬ್ಬಿಸಿದರೆ ಕಾಗದ ಹರಿಯುತ್ತದೆ, ನನಗೆ ಗೊತ್ತಿಲ್ಲದ್ದೇನಲ್ಲ, ಮರಳು ಉದುರುತ್ತದೆ, ಬೆರಳಗಲ ಎದ್ದಿತು, ಶಾಯಿ ಹಲಗೆಗೇ ಅಂಟಿಕೊಂಡಿದೆ, ಅಕ್ಷರ ತಿರುಗುಮುರುಗು, ಗೋಡೆಯ ಕನ್ನಡಿ ಕಿತ್ತು ತಂದು ಹಿಡಿಯುತ್ತೇನೆ, ಅವನದೇ ದುಂಡು ಬರಹ, ಅಕ್ಕಾ ಬೈಬೇಡ, ಅದರಾಚೆ ಕಾಗದ ಸೀಳಿ ಬರುತ್ತದೆ, ಬರೀ ಗೋಂದು, ಬರೀ ಬೂದು, ಕನ್ನಡಿಯನ್ನು ಆಚೀಚೆ ಸರಿಸುತ್ತೇನೆ, ಮತ್ತೆ ಅಲ್ಲಿಗೇ, ಅಕ್ಕಾ ಬೈಬೇಡ, ಇಲ್ಲ ಕಣೋ, ಬೈಯಲ್ಲ, ಮುಂದೆ ಹೇಳು, ಅಕ್ಕಾ ಬೈಬೇಡ