ಅಕ್ಕನ ಗಡಿಯಾರ

ಆ ಹಲಗೆಯಲ್ಲಿ ನೂರ ಹನ್ನೆರಡು ಮೊಳೆಗಳಿದ್ದವು. ಬೆಳಿಗ್ಗೆ ಎಂಟಕ್ಕೆ ಹೆಂಗಸರು ಒಬ್ಬೊಬ್ಬರಾಗಿ ಬಂದು, ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಮೊಳೆಗೆ ನೇತುಹಾಕಿ ಒಳಗೆ ಹೋಗುತ್ತಿದ್ದರು. ಸಂಜೆ ತೆಗೆದುಕೊಂಡು ಮನೆಗೆ ನಡೆಯುತ್ತಿದ್ದರು. ಬಿಲ್ಲೆ ತೂಗುತ್ತಿದ್ದರೆ ಅವಳು ಒಳಗಿದ್ದಾಳೆ, ಮೊಳೆ ಬರಿದಾಗಿದ್ದರೆ ಇಲ್ಲ. ನೂಲಿಗೆ ಬಣ್ಣ ಹಾಕುವ ಆ ಕಾರ್ಖಾನೆ ಇಷ್ಟೊಂದು ಜನರನ್ನು ತಿಳಿದಿದ್ದದ್ದು ಹಾಗೆ.

ಹಲಗೆಯ ಜಾಲರಿ ಬಾಗಿಲಿನ ಬೀಗದ ಕೈ ನನ್ನ ಬಳಿ ಇರುತ್ತಿತ್ತು. ಎಂಟೂಕಾಲಿಗೆ ನಾನು ಅದನ್ನು ಮುಚ್ಚಬೇಕು. ಆಮೇಲೆ ಬಂದವಳಿಗೆ ಗೈರುಹಾಜರಿ. ತಿಂಗಳಲ್ಲಿ ಮೂರು ಸಲ ಹಾಗಾದರೆ ಕೆಲಸವೇ ಇಲ್ಲ. ನನ್ನ ಮನಸ್ಸಿಗೆ ಅದು ಒಗ್ಗಲಿಲ್ಲ. ಮಗುವಿಗೆ ಜ್ವರ ಬಂದವಳನ್ನು, ನಲ್ಲಿಯ ಮುಂದೆ ಸಾಲು ನಿಂತವಳನ್ನು ಹೇಗೆ ವಾಪಸು ಕಳಿಸುವುದು? ಬಿಲ್ಲೆಯನ್ನು ಕೈಗೆ ಇಸಿದುಕೊಂಡು, ಮೇಸ್ತ್ರಿಯ ಕಣ್ಣಿಗೆ ಬೀಳದಂತೆ ಹಿಂಬಾಗಿಲಿನಿಂದ ಒಳಗೆ ಬಿಡುತ್ತಿದ್ದೆ. ಹತ್ತೂವರೆಯ ಚಹಾದ ಹೊತ್ತಿಗೆ ಬಾಗಿಲು ತೆರೆದು ಮೊಳೆಗೆ ಹಾಕುತ್ತಿದ್ದೆ. ಹೆಂಗಸರು ಇದಕ್ಕೆ ಹೆಸರಿಟ್ಟಿದ್ದರು: ‘ಅಕ್ಕನ ಗಡಿಯಾರ’. “ಇವತ್ತು ನಾನು ಅಕ್ಕನ ಗಡಿಯಾರದಲ್ಲಿ ಬಂದೆ ಕಣೇ” ಎಂದು ನಗುತ್ತಿದ್ದರು. ನನಗೂ ಹೆಮ್ಮೆಯೇ. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಯಲ್ಲಿದ್ದವಳು ನಾನು. ಅಲ್ಲಿ ನನ್ನ ಮಾತಿಗೆ ಕಿವಿಗೊಡುವವರು ಯಾರೂ ಇರಲಿಲ್ಲ. ಇಲ್ಲಿ ಹೊತ್ತು ಕೂಡ ನಾನು ಹೇಳಿದ ಹಾಗೆ ಕೇಳುತ್ತಿತ್ತು.

ಮಾದೇವಿಯ ನಂಬರು ಇಪ್ಪತ್ತೇಳು. ಬಣ್ಣದ ಶೆಡ್ಡಿನ ಹಿಂದಿದ್ದ ಒಣಮನೆಯಲ್ಲಿ, ಹಸಿ ನೂಲಿನ ಲಡಿಗಳನ್ನು ಬಿಸಿಗಾಳಿಗೆ ಹರಡುವ ಕೋಣೆಯಲ್ಲಿ, ಅವಳೊಬ್ಬಳದೇ ಕೆಲಸ. ಆ ಬೆಳಿಗ್ಗೆ ಎಂಟೂವರೆಗೆ ಓಡುತ್ತಾ ಬಂದಳು. ಕೂದಲಿನಿಂದ ನೀರು ಇಳಿಯುತ್ತಿತ್ತು.

“ಅಕ್ಕಾ, ನಿನ್ ಗಡಿಯಾರ್ದಾಗೆ ಎಷ್ಟಾಯ್ತು?”

“ಎಂಟು.”

“ಹಂಗಾದ್ರೆ ನಾನೇ ಮೊದ್ಲು ಬಂದೋಳು!”

“ತಲೆಯಾದರೂ ಒರಸಿಕೊಂಡು ಬರಬಾರದಾ, ಶೀತ ಆಗುತ್ತೆ.”

“ಒಣಮನೇಲಿ ಹೆಂಗೂ ಒಣಗ್ತದೆ ಬಿಡಕ್ಕಾ” ಎಂದವಳೇ ಬಿಲ್ಲೆಯನ್ನು ನನ್ನ ಅಂಗೈಗೆ ಒತ್ತಿ ಹೋದಳು. ಅದೂ ಒದ್ದೆಯಾಗಿತ್ತು. ಮೇಜಿನ ಖಾನೆಗೆ ಹಾಕಿದೆ.

ಹತ್ತಕ್ಕೆ ಹತ್ತು ನಿಮಿಷ ಇರುವಾಗ ಬಾಯ್ಲರು ಸಿಡಿಯಿತು.

ಸದ್ದಿಗಿಂತ ಮೊದಲು ನನಗೆ ಕಂಡದ್ದು ಹಲಗೆ. ಅಷ್ಟೂ ಬಿಲ್ಲೆಗಳು ಒಟ್ಟಿಗೇ ಮೊಳೆಯಿಂದ ಮೇಲೆದ್ದು, ಮತ್ತೆ ತಮ್ಮ ತಮ್ಮ ಜಾಗಕ್ಕೆ ಕುಳಿತವು. ಆಮೇಲೆ ಹಬೆ, ಕೂಗು, ಬಣ್ಣದ ನೀರಲ್ಲಿ ತೊಯ್ದ ಹೆಂಗಸರು. ಶೆಡ್ಡಿನ ಮಾಡು ಅರ್ಧ ಕುಸಿದಿತ್ತು. ಅಂಗಳದಲ್ಲಿ ನಿಂತವರ ಹೆಸರನ್ನು ಹಲಗೆಯೊಂದಿಗೆ ತಾಳೆ ನೋಡಿದಾಗ ಐದು ಜನ ಕಡಿಮೆ ಬಂದರು. ಅಗ್ನಿಶಾಮಕದವರು ಮಧ್ಯಾಹ್ನದ ಹೊತ್ತಿಗೆ ಐದೂ ಜನರನ್ನು ಹೊರತೆಗೆದರು. ಇಬ್ಬರಿಗೆ ಜೀವವಿತ್ತು. ಲೆಕ್ಕ ಸರಿಹೋಯಿತು, ಕುಸಿದ ಮಾಡಿನ ಕೆಳಗೆ ಇನ್ನು ಇಳಿಯುವುದು ಅಪಾಯವೆಂದು ಅವರು ಹಗ್ಗ ಸುತ್ತಿಕೊಂಡರು.

ಮೂರು ಗಂಟೆಗೆ ಕಂಪನಿಯ ವಕೀಲ ಉತ್ತಯ್ಯನವರು ಬಂದರು. ಮ್ಯಾನೇಜರ್ ಶ್ರೀಪತಿರಾಯರು, “ಪತ್ರಿಕೆಯವರಿಗೆ ಏನು ಹೇಳೋಣ?” ಎಂದರು.

“ಪತ್ರಿಕೆ ಇರಲಿ ರಾಯರೇ. ಮೊದಲು ಆ ಮೂವರ ಮನೆಗೆ ನೀವೇ ಹೋಗಿ. ಬೇರೆಯವರ ಬಾಯಿಂದ ಅವರು ಕೇಳಬಾರದು. ಇನ್ಸ್‌ಪೆಕ್ಟರಿಗೆ ಈಗಲೇ ತಿಳಿಸಿ. ಗಾಯಗೊಂಡವರ ಜೊತೆ ಆಸ್ಪತ್ರೆಯಲ್ಲಿ ನಮ್ಮವರು ಇರಲಿ. ಆಮೇಲೆ ಕೇಳಿ, ಇಲ್ಲಿ ಯಾರೂ ಏನನ್ನೂ ಮುಟ್ಟಬೇಡಿ. ಗುಡಿಸಬೇಡಿ, ಜೋಡಿಸಬೇಡಿ. ಬಾಯ್ಲರಿನ ಪುಸ್ತಕ, ಈ ಹಲಗೆ, ಎಲ್ಲ ಇದ್ದ ಹಾಗೇ ಇರಬೇಕು.” ಜೊತೆಗೆ ಬಂದಿದ್ದ ಫೋಟೋದವನು ಹಲಗೆಯ ಚಿತ್ರ ತೆಗೆದ. ಬೆಳಕು ಬಿದ್ದ ಆ ಕ್ಷಣದಲ್ಲಿ ಬರಿಯ ಮೊಳೆಯೊಂದು ಮಿನುಗಿತು. ಇಪ್ಪತ್ತೇಳು.

ಸಂಜೆ ಮಾದೇವಿಯ ತಾಯಿ ಸಿದ್ದಮ್ಮ ಗೇಟಿಗೆ ಬಂದರು. ರಾಯರು ಅವರನ್ನು ಹಲಗೆಯ ಮುಂದೆ ಕರೆತಂದು ತೋರಿಸಿದರು. “ನೋಡಮ್ಮ, ಖಾಲಿ ಇದೆ. ನಿನ್ನ ಮಗಳು ಇವತ್ತು ಬಂದೇ ಇಲ್ಲ.”

“ತಲೆಗೆ ನೀರಾಕ್ಕಂಡು ಇಲ್ಲಿಗೇ ಅಂತ ಓಡಿಬಂದ್ಳು ಸ್ವಾಮಿ.”

“ವಯಸ್ಸಿನ ಹುಡುಗಿ. ಬೇರೆ ಎಲ್ಲಾದರೂ ಹೋಗಿದಾಳೇನೋ, ವಿಚಾರಿಸು.”

ಗೇಟಿನ ಬಳಿ ನಿಂತಿದ್ದವರಲ್ಲಿ ಯಾರೋ ಮೆಲ್ಲಗೆ ನಕ್ಕರು. ಸಿದ್ದಮ್ಮ ನನ್ನ ಕಡೆ ತಿರುಗಿದರು. ನಾನು ಮೇಜಿನ ಮೇಲಿದ್ದ ಮಸಿಕುಡಿಕೆಯ ಮುಚ್ಚಳವನ್ನು ಸರಿಪಡಿಸತೊಡಗಿದೆ.

ಮರುದಿನ ಎಲ್ಲರಿಗಿಂತ ಮೊದಲು ಬಂದು, ಬೀಗ ತೆಗೆದು, ಇಪ್ಪತ್ತೇಳನೆಯ ಬಿಲ್ಲೆಯನ್ನು ಮೊಳೆಗೆ ಹಾಕಿದೆ. ಯಾರಾದರೂ ನೋಡುತ್ತಾರೆ, ಮತ್ತೆ ಹುಡುಕುತ್ತಾರೆ, ನಾನು ಬಾಯಿ ಬಿಡಬೇಕಾಗುವುದಿಲ್ಲ. ಆಗ ನನಗೆ ತೋಚಿದ್ದು ಅಷ್ಟೇ.

ಉತ್ತಯ್ಯನವರು ಫೋಟೋ ಹಿಡಿದುಕೊಂಡೇ ಬಂದರು. ಹಲಗೆ ನೋಡಿದರು, ಫೋಟೋ ನೋಡಿದರು. “ಇದನ್ನು ಯಾರು ಮುಟ್ಟಿದ್ದು?”

ರಾಯರು ಸಿಡುಕಿದರು. “ಆ ಮುದುಕಿಯ ಕಡೆಯವರೇ ಇರಬೇಕು. ಹುಡುಗಿ ಓಡಿಹೋದಳು, ಈಗ ಪರಿಹಾರಕ್ಕೆ ನಾಟಕ. ಸುಳ್ಳು ಸಾಕ್ಷಿ ಅಂತ ಒಂದು ದೂರು ಕೊಟ್ಟುಬಿಡೋಣ.”

“ನಾನು ಹಾಕಿದ್ದು” ಎಂದೆ. ಉಳಿದದ್ದನ್ನೂ ಹೇಳಿದೆ. ಗಡಿಯಾರ, ಖಾನೆ, ಒದ್ದೆ ಕೂದಲು.

ಉತ್ತಯ್ಯನವರು ಕೇಳಿದ್ದು ಒಂದೇ ಪ್ರಶ್ನೆ. “ಒಣಮನೆ ಎಲ್ಲಿದೆ?”

ರಾಯರು ಅವರ ತೋಳು ಹಿಡಿದರು. “ಸ್ವಾಮಿ, ಸ್ವಲ್ಪ ಯೋಚನೆ ಮಾಡಿ. ಈಗ ಸಿಕ್ಕರೆ, ನಿನ್ನೆ ಯಾಕೆ ಹುಡುಕಲಿಲ್ಲ ಅಂತಾರೆ. ಈಕೆ ಹೇಳಿದ್ದು ನಮ್ಮ ಕಿವಿಗೆ ಬೀಳಲಿಲ್ಲ ಅಂದುಕೊಂಡರೆ...”

“ಕೇಳಿದ್ದನ್ನ ಕೇಳಲಿಲ್ಲ ಅನ್ನೋದಕ್ಕೆ ನನ್ನನ್ನ ಕರೆಸಿದ್ರಾ?” ಎನ್ನುತ್ತಾ ಅವರು ಆಗಲೇ ಫೋನಿನ ಕಡೆ ನಡೆದಿದ್ದರು.

ಹನ್ನೊಂದಕ್ಕೆ ಅವಳು ಸಿಕ್ಕಳು. ಎರಡು ತೊಲೆಗಳು ಒಂದಕ್ಕೊಂದು ಒರಗಿ ಒಬ್ಬರು ಕುಳಿತುಕೊಳ್ಳುವಷ್ಟು ಜಾಗ ಬಿಟ್ಟಿದ್ದವು. ಅವಳು ಕುಳಿತೇ ಇದ್ದಳು. ಸೆರಗನ್ನು ಮೂಗು ಬಾಯಿಗೆ ಸುತ್ತಿ, ಹಿಂದೆ ಬಿಗಿಯಾಗಿ ಗಂಟು ಹಾಕಿಕೊಂಡಿದ್ದಳು. ಸಿಡಿದ ಮೇಲೆ ಎಷ್ಟು ಹೊತ್ತಿಗೆ ಆ ಗಂಟು ಹಾಕಿದಳು, ಎಷ್ಟು ಹೊತ್ತು ಕಾದಳು, ಹೊರಗೆ ಹಗ್ಗ ಸುತ್ತುವ ಸದ್ದು ಅವಳಿಗೆ ಕೇಳಿಸಿತೇ? ವೈದ್ಯರ ವರದಿಯಲ್ಲಿ ಇದೆಯಂತೆ. ನಾನು ಓದಲಿಲ್ಲ. ಓದದೆಯೂ ಇಷ್ಟು ವರ್ಷ ಅದನ್ನೇ ಓದುತ್ತಿದ್ದೇನೆ.

ನನ್ನ ಹೇಳಿಕೆಯನ್ನು ರಾಯರೇ ಟೈಪು ಮಾಡಿಸಿ ತಂದರು. ‘ಗೊಂದಲದಲ್ಲಿ ಬಿಲ್ಲೆಯ ವಿಷಯ ಮರೆತುಹೋಗಿತ್ತು, ಮರುದಿನ ನೆನಪಾದ ಕೂಡಲೇ ತಿಳಿಸಿದೆ.’ ಉತ್ತಯ್ಯನವರು ಒಮ್ಮೆ ಓದಿ ನನ್ನನ್ನು ನೋಡಿದರು. “ಅಮ್ಮಾ, ನಾನು ಕಂಪನಿಯ ವಕೀಲ, ನಿಮ್ಮವನಲ್ಲ. ಸಹಿ ಹಾಕೋ ಮೊದಲು ನಿಮ್ಮದೇ ಒಬ್ಬ ವಕೀಲರನ್ನ ಕೇಳಿ. ಇದು ನಿಜವೋ ಅಲ್ಲವೋ ನಿಮಗೇ ಗೊತ್ತು.”

ನಾನು ಯಾರನ್ನೂ ಕೇಳಲಿಲ್ಲ. ಸಹಿ ಹಾಕಿದೆ. ಮರೆವಿಗೆ ಶಿಕ್ಷೆ ಕಡಿಮೆಯೆಂದು ನೌಕರಿ ನೆಚ್ಚಿ ಬದುಕುವವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ತಿಂಗಳ ನಂತರ ಶಾಲೆಯ ಹಜಾರದಲ್ಲಿ ವಿಚಾರಣೆ ನಡೆಯಿತು. ಅಧಿಕಾರಿ ನನ್ನ ಹೇಳಿಕೆಯನ್ನು ಗಟ್ಟಿಯಾಗಿ ಓದಿ, ಸಿದ್ದಮ್ಮನನ್ನು ಕೇಳಿದರು. “ನೀವು ಏನಾದರೂ ಹೇಳುವುದಿದೆಯೇ?”

ಅವರು ನಿಧಾನವಾಗಿ ಎದ್ದು ನಿಂತರು. “ನನ್ ಮಗಳು ಓಡೋಗ್ಲಿಲ್ಲ ಅಂತ ಬರ್ಕಳಿ ಮೊದ್ಲು. ಕೇರೀಲಿ ಏನೇನೋ ಅಂತಾವ್ರೆ.”

“ಬರೆದುಕೊಂಡಿದ್ದೇವೆ. ಬೇರೆ?”

“ಆಯಮ್ಮಂಗೆ ಮರ್ತಿರ್ಲಿಲ್ಲ.”

“ಹೇಗೆ ಹೇಳುತ್ತೀರಿ?” ಎಂದರು ಅಧಿಕಾರಿ.

“ನನ್ ಮಗಳು ದಿನಾ ಸಂಜೆ ಅಕ್ಕ ಹಂಗಂದ್ಳು, ಅಕ್ಕ ಹಿಂಗಂದ್ಳು ಅಂತ ಈಯಮ್ಮನ ಮಾತೇ ಆಡೋಳು. ನಾನು ಗೇಟಿಗೆ ಬಂದಾಗ, ಮಾದೇವಿ ಬರ್ಲಿಲ್ವಲ್ಲ, ಯಾಕೆ ಅಂತ ಈಯಮ್ಮ ಒಂದ್ ಮಾತು ಕೇಳ್ಳಿಲ್ಲ. ಗೊತ್ತಿಲ್ದೋರು ಕೇಳ್ತಾರೆ ಸ್ವಾಮಿ.”

ರಾಯರು ನನಗೆ ಕಣ್ಣಲ್ಲೇ ‘ಸುಮ್ಮನಿರು’ ಎಂದರು. ಅಧಿಕಾರಿ ಲೇಖನಿ ಎತ್ತಿ ಹಿಡಿದಿದ್ದರು. ಇನ್ನೊಂದು ಕ್ಷಣ ನಾನು ಸುಮ್ಮನಿದ್ದಿದ್ದರೆ ಅವರು ಪುಟ ಮಗುಚುತ್ತಿದ್ದರು.

“ಮರೆತಿರಲಿಲ್ಲ” ಎಂದೆ. “ಮೂರು ಗಂಟೆಗೇ ನೆನಪಾಗಿತ್ತು. ಕೆಲಸ ಹೋಗುತ್ತದೆಂದು ಹೇಳಲಿಲ್ಲ.”

ಅವರು ಆ ಸಾಲನ್ನು ಹೊಡೆದುಹಾಕಿ ನನ್ನ ಮಾತನ್ನು ಬರೆದುಕೊಂಡರು. ಅಪಘಾತದಲ್ಲಿ ತೀರಿಕೊಂಡ ಕೆಲಸಗಾರರ ಪಟ್ಟಿಗೆ ಮಾದೇವಿಯ ಹೆಸರು ನಾಲ್ಕನೆಯದಾಗಿ ಸೇರಿತು. ನನ್ನ ಕೆಲಸ ಅಂದೇ ಹೋಯಿತು.

ಹೊರಗೆ ಬಂದಾಗ ಸಿದ್ದಮ್ಮ ಒಬ್ಬರೇ ರಸ್ತೆಯಲ್ಲಿ ನಡೆಯುತ್ತಿದ್ದರು. ನನ್ನ ದಾರಿಯೂ ಅದೇ. ಹಿಂದೆ ಹಾಕಿ ಮುಂದೆ ಹೋಗುವ ಧೈರ್ಯವಾಗಲಿಲ್ಲ. ಜೊತೆ ಸೇರುವ ಹಕ್ಕಿರಲಿಲ್ಲ. ಹತ್ತು ಹೆಜ್ಜೆ ಹಿಂದೆ ನಡೆದೆ. ಅಡ್ಡರಸ್ತೆಯಲ್ಲಿ ಹುಲ್ಲಿನ ಗಾಡಿಯೊಂದು ಬಂದಿತೆಂದು ಅವರು ನಿಂತರು. ನಾನೂ ನಿಂತೆ. ಗಾಡಿ ದಾಟಿ, ಅದರ ಧೂಳೂ ಇಳಿಯಿತು. ಅವರು ಕದಲಲಿಲ್ಲ, ತಿರುಗಿಯೂ ನೋಡಲಿಲ್ಲ. ಬರಿದಾದ ಆ ರಸ್ತೆಯಲ್ಲಿ, ನಡುವೆ ಹತ್ತು ಹೆಜ್ಜೆ ಬಿಟ್ಟುಕೊಂಡು, ನಾವಿಬ್ಬರೂ ಹಾಗೆಯೇ ನಿಂತಿದ್ದೆವು.