ನಾಲ್ಕನೆಯ ಗೂಟ

"ಅವಾ? ಅವೂ ಗುಜರಿನೇ ಮೇಡಂ," ಎಂದ ಥ್ಯಾಕರ್, ನಮ್ಮ ಎರಡು ಗಾಡಿಮನೆಗಳ ಕಡೆ ಗದ್ದ ಎತ್ತಿ. "ಇಲ್ಲಿ ಯಾರೂ ವಾಸ ಇಲ್ಲ. ಹಂಗೇ ಬರ್ಕೊಳ್ಳಿ."

ಆ ಗುಜರಿಯ ಬಾಗಿಲಲ್ಲಿ ಕೂತು ಕೆಜಾಯಾ ದೊಡ್ಡಮ್ಮ ಆಲೂಗಡ್ಡೆ ಹೆರೆಯುತ್ತಿದ್ದಳು. ನಾನು ಪಕ್ಕದಲ್ಲಿ ತಂತಿ ಸುಲಿದು ತಾಮ್ರ ಬಿಡಿಸುತ್ತಿದ್ದೆ. ಮಣ್ಣು ಪರೀಕ್ಷೆಗೆ ಬಂದಿದ್ದ ಇಮೋಜೆನ್ ಮೇಡಂ ನಮ್ಮಿಬ್ಬರನ್ನೂ ನೋಡಿದರು, ಒಂದು ಗಳಿಗೆ ಪೆನ್ನು ತಡೆದರು, ಆಮೇಲೆ ಹಾಗೆಯೇ ಬರೆದುಕೊಂಡರು. ಬರೆಯುವಾಗ ನಮ್ಮ ಕಡೆ ನೋಡಿ ಸಂಕೋಚದಿಂದ ನಕ್ಕರು ಕೂಡ. ಒಳ್ಳೆಯ ಹೆಂಗಸು.

ಥ್ಯಾಕರ್, ಟಿಪ್ಟನ್ ಊರಿನ ತನ್ನ ಈ ಗುಜರಿ ಅಂಗಳವನ್ನು ಮನೆ ಕಟ್ಟುವವರಿಗೆ ಮಾರಲು ಹೊರಟಿದ್ದ. ನೆಲ ಚೊಕ್ಕವಾಗಿದೆ ಎಂದು ಮೇಡಂ ಬರೆದುಕೊಟ್ಟರೆ ಮುಗಿಯಿತು. 'ಸ್ಥಳ ಮತ್ತು ಸುತ್ತಲಿನ ಭೂಗುಣ' ಎಂಬ ಮೊದಲ ಅಧ್ಯಾಯ ಆಗಲೇ ಸಿದ್ಧವಾಗಿತ್ತು; ಚಹಾದ ಹೊತ್ತಿನಲ್ಲಿ ಆಕೆ ನಮಗೂ ಓದಿ ಹೇಳಿದರು. ಮೂವತ್ತು ಕೋಟಿ ವರ್ಷದ ಹಿಂದೆ ಇಲ್ಲಿ ಜವುಗುಕಾಡಿತ್ತಂತೆ, ಅದೇ ಕಲ್ಲಿದ್ದಲಾಯಿತಂತೆ. ಅದರ ಮೇಲೆ ಕೆಂಪು ಜೇಡಿ. ಆಮೇಲೆ ಹಿಮಗಡ್ಡೆ ಬಂದು ಕಲ್ಲುಮಣ್ಣು ಹರವಿಹೋಯಿತಂತೆ. ಹಿಮ ಯಾವ ದಿಕ್ಕಿನಿಂದ ಬಂತೆಂಬುದೂ ಆಕೆಗೆ ಗೊತ್ತಿತ್ತು. ಹನ್ನೆರಡು ವರ್ಷದ ಹಿಂದೆ, ಎಂಟು ಭಾನುವಾರ, ಹಳೇ ಬ್ಯಾಟರಿ ತುಂಬಿದ ಲಾರಿಗಳು ಯಾವ ದಿಕ್ಕಿನಿಂದ ಬಂದವೆಂಬುದು ಮಾತ್ರ ಗೊತ್ತಿರಲಿಲ್ಲ.

ಥ್ಯಾಕರ್ ಹೇಳಿದಂತೆ ಜೇಡಿ ಬಗೆದು ಆ ಬ್ಯಾಟರಿಗಳನ್ನೆಲ್ಲ ಹೂತವನು ನನ್ನ ಲಿಯಾಂಡರ್ ದೊಡ್ಡಪ್ಪ. ಬೂಟು ಕೊಳೆಯಾಗುತ್ತದೆಂದು ಥ್ಯಾಕರ್ ಕಾರಿನಿಂದ ಇಳಿದೇ ಇರಲಿಲ್ಲ. ಆಸಿಡ್ಡಿಗೆ ದೊಡ್ಡಪ್ಪನ ಕೈಚರ್ಮ ಸುಲಿದುಬಂತು. ಥ್ಯಾಕರ್ ಉದಾರಿ, ಒಂದು ಜೊತೆ ಕೈಗವಸು ಕೊಟ್ಟ, ಕೆಲಸ ಮುಗಿದ ಮೇಲೆ.

"ನೆಲದಡಿ ಹಳೇ ಕೇಬಲ್ಲು, ಪೈಪು ಎಲ್ಲ ಇದಾವೆ ಮೇಡಂ. ಎಲ್ಲಿ ಕೊರೀಬೋದು ಅಂತ ನಮ್ಮೋನು ತೋರಿಸ್ತಾನೆ," ಎಂದ ಥ್ಯಾಕರ್, ದೊಡ್ಡಪ್ಪನನ್ನು ಈಚೆ ಎಳೆದು ದನಿ ಇಳಿಸಿದ. "ಲೇ ಮುದಿಯಾ, ನಾಲ್ಕು ಗೂಟ ಹೊಡಿ. ಜೇಡಿ ಚೆನ್ನಾಗಿರೋ ಕಡೆ, ತಿಳೀತಾ? ಬಾಯ್ಮುಚ್ಕೊಂಡಿದ್ರೆ ಬೇಲಿಯಾಚೆ ಜಾಗ ನಿನ್ ಹೆಸ್ರಿಗೆ ಬರ್ಕೊಡ್ತೀನಿ, ಸಾಯೋವರ್ಗೂ ಬಿದ್ದಿರು. ಬಾಯ್ಬಿಟ್ರೆ ನಾಳೇನೇ ರಸ್ತೆ."

ಅರವತ್ತೊಂದು ವರ್ಷದಲ್ಲಿ ದೊಡ್ಡಪ್ಪನನ್ನು ಹದಿನೇಳು ಕಡೆಯಿಂದ ಎಬ್ಬಿಸಿದ್ದಾರೆ. ದೊಡ್ಡಮ್ಮನ ಮೊಣಕಾಲು ಹೋಗಿದೆ. ಸಾಯುವವರೆಗೆ ಒಂದೇ ಕಡೆ ಎಂದರೆ ನಮ್ಮ ಅಲೆಮಾರಿ ಕುಲದಲ್ಲಿ ಯಾರೂ ಕಂಡಿಲ್ಲದ ಭಾಗ್ಯ. ದೊಡ್ಡಪ್ಪ ತಲೆಯಾಡಿಸಿದ.

ಬೇಲಿಯ ಅಂಚಿಗೆ ಮೂರು ಗೂಟ ಬಿದ್ದವು. ಮೂರು ಕಡೆಯೂ ಕೊರೆಯುವ ಯಂತ್ರ ಕೆಂಪು ಜೇಡಿಯನ್ನೇ ಎತ್ತಿಕೊಟ್ಟಿತು. ಮೇಡಂ ಮುಖ ಅರಳಿತು.

"ಎಷ್ಟು ಚೆನ್ನಾಗಿದೆ ನೋಡಿ! ಇಲ್ಲಿ ಮಕ್ಕಳು ಆಡೋ ಜಾಗ ಬರುತ್ತೆ. ಮನೆ ಹಿಂದೆ ಎಲ್ಲಾ ತರಕಾರಿ ಬೆಳ್ಕೋಬೋದು."

ದೊಡ್ಡಪ್ಪ ತನ್ನ ಕೈ ನೋಡಿಕೊಂಡ. ಆಮೇಲೆ ನಾಲ್ಕನೆಯ ಗೂಟ ಎತ್ತಿಕೊಂಡು ಅಂಗಳದ ನಡುಮಧ್ಯಕ್ಕೆ ನಡೆದು ಹೊಡೆದ. ಆಫೀಸಿನ ಕಿಟಕಿಯಿಂದ ಥ್ಯಾಕರ್ ಭೇಷ್ ಎಂದು ಹೆಬ್ಬೆರಳೆತ್ತಿದ. ಪಾಪ, ಅವನು ಅಂದು ಕಾರಿನಿಂದ ಇಳಿದು ನೋಡಿದವನಲ್ಲವಲ್ಲ.

ನಾಲ್ಕು ಮೀಟರ್ ಹೋದರೂ ಜೇಡಿ ಸಿಗಲಿಲ್ಲ. ಪಾರದರ್ಶಕ ಕೊಳವೆಯಲ್ಲಿ ಮೇಲೆ ಬಂದದ್ದು ಕರೀ ರೊಚ್ಚು, ಒಡೆದ ಬ್ಯಾಟರಿ ಚೂರು, ಕಣ್ಣುರಿಸುವ ಹುಳಿ ವಾಸನೆ. ಮೇಡಂ ಬರೆದುಕೊಂಡರು.

"ಏನ್ ಬರ್ದ್ರಿ?" ಎಂದ ದೊಡ್ಡಪ್ಪ.

"'ಮಾಡಿದ ನೆಲ' ಅಂತ. ಪ್ರಕೃತಿ ಹಾಸಿದ್ದಲ್ಲ, ಮನುಷ್ಯರು ತುಂಬಿದ್ದು."

"ಯಾರ್ ಮಾಡಿದ್ದು ಅಂತ?"

"ಅದಕ್ಕೆ ಕಲಂ ಇಲ್ಲ."

ಅಷ್ಟರಲ್ಲಿ ಥ್ಯಾಕರ್ ಏದುಸಿರು ಬಿಡುತ್ತ ಓಡಿಬಂದ. "ನಮ್ ತಾತನ್ ಕಾಲದ್ದು ಮೇಡಂ! ಈ ಸೀಮೇಲಿ ಎಲ್ರೂ ತುಂಬ್ತಿದ್ರು!" ಎಂದು ಕೊಳವೆಗೆ ಕೈ ಹಾಕಿದ.

"ಮುಟ್ಟಬೇಡಿ. ಫೋಟೋ ತೆಗೆಯೋವರೆಗೂ ಕೊಳವೆ ಮೇಲಿರೋದನ್ನ, ಒಳಗಿರೋದನ್ನ ಯಾರೂ ಅಳಿಸೋ ಹಾಗಿಲ್ಲ, ಬದಲಿಸೋ ಹಾಗಿಲ್ಲ," ಎಂದು ಮೇಡಂ ಕ್ಯಾಮೆರಾ ತರಲು ವ್ಯಾನಿಗೆ ಹೋದರು.

ದೊಡ್ಡಪ್ಪ ಕಬ್ಬಿಣಕ್ಕೆ ಗುರುತು ಹಾಕುವ ಬಿಳಿ ಪೇಂಟ್ ಪೆನ್ನನ್ನು ಜೇಬಿನಿಂದ ತೆಗೆದ. ಕೊಳವೆಯ ಮೇಲೆ, ಒಂದೊಂದೇ ಅಕ್ಷರ ತಿದ್ದುತ್ತ, ತನ್ನ ಹೆಸರು ಬರೆದ.

"ಲೇ ಸೂಳೇಮಗನೇ, ಹೂತೋನು ನೀನು! ಜೈಲಿಗೆ ಹೋಗೋನೂ ನೀನೇ!"

"ಹೋಗ್ತೀನಿ ಧಣಿ. ಅಲ್ಲಿ ದಿನಾ ತಲೆ ಎಣಿಸ್ತಾರಂತೆ. ಇವ್ನು ಇಲ್ಲೇ ವಾಸ ಅಂತ ಬರ್ಕೋತಾರಂತೆ."

ಆಮೇಲೆ ಪೆನ್ನನ್ನು ನನ್ನ ಕಡೆ ಚಾಚಿದ. "ಮಗ್ಳೇ, ನಂಗೆ ನನ್ ಹೆಸ್ರೊಂದೇ ಬರೆಯಕ್ಕೆ ಬರೋದು. ಹೂಳ್ಸಿದೋನ್ ಹೆಸ್ರು ನೀನ್ ಬರಿ."

"ನಿಂಗೂ ರಸ್ತೆ ಬೇಕೇನೇ, ಲೌಡಿ?" ಎಂದ ಥ್ಯಾಕರ್.

ನಾನು ಪೆನ್ನು ಇಸಿದುಕೊಂಡೆ. ಹೆದರಲಿಲ್ಲ ಎಂದರೆ ಸುಳ್ಳು. ದೊಡ್ಡಮ್ಮ ಕೂತಲ್ಲಿಂದಲೇ ಕೂಗಿದಳು:

"ಕಾಗುಣಿತ ತಪ್ಪದಂಗೆ ಬರಿಯೇ!"

ಬರೆದೆ. ಒಂದಕ್ಷರ ಬಿಡಲಿಲ್ಲ. ಮೇಡಂ ಕ್ಯಾಮೆರಾ ಕಣ್ಣಿಗಿಡುವ ಹೊತ್ತಿಗೆ ನಾವು ಹೊರಡಲು ಗಾಡಿಮನೆಗಳಿಗೆ ಎಳೆಯುವ ಕೊಕ್ಕೆ ಸಿಕ್ಕಿಸುತ್ತಿದ್ದೆವು.