ಸಿಪ್ಪೆ ಸುಲಿದ ಹಾರ್ಡ್ ಡಿಸ್ಕು

"ಸಮಸ್ತ ಬಂಧುಬಾಂಧವರಿಗೆ ತಿಳಿಯಪಡಿಸುವುದೇನೆಂದರೆ, ಈ ಮನೆಗೆ ಇನ್ನು ಮುಂದೆ ಹೊಸ ಹಾರ್ಡ್ ಡಿಸ್ಕನ್ನು ಕೊಳ್ಳತಕ್ಕದ್ದಲ್ಲ!"

ಭದ್ರಾವತಿಯ ಅತ್ತೆಮನೆ ನಡುಮನೇಲಿ ಸ್ಕ್ರೂಡ್ರೈವರ್ ಎತ್ತಿ ಹಿಡ್ಕೊಂಡು ವಿಜಯಕುಮಾರ ಈ ಘೋಷಣೆ ಹೊರಡಿಸಿದಾಗ ಸಮಸ್ತ ಬಂಧುಬಾಂಧವರು ಅಂತ ಇದ್ದಿದ್ದು ಹೆಂಡ್ತಿ ರಶ್ಮಿ, ಮಾವ ಷಡಕ್ಷರಪ್ಪ, ಭಾವಮೈದ ಶಿವಯೋಗಿ, ಅಷ್ಟೇ. ಅತ್ತೆ ಬಸವರಾಜೇಶ್ವರಿ ಅಡುಗೆಮನೇಲಿದ್ರು. ಈ ಗದ್ದಲವೆಲ್ಲ ಅವರಿಗೋಸ್ಕರಾನೇ.

ವಿಷಯ ಏನಪ್ಪಾ ಅಂದ್ರೆ, ಅತ್ತೆ ಒಂದು ಕಾಲದಲ್ಲಿ ಹಾಡೋಕೆ ಕೂತ್ರೆ ಮದುವೆ ಮನೇಲಿ ಊಟದ ಎಲೆ ಬಿಟ್ಟು ಜನ ಎದ್ದು ಬರ್ತಿದ್ರು. ಮಾವ ರಿಟೈರಾದ ಹೊಸದ್ರಲ್ಲಿ ಒಂದು ಮೈಕ್ ತಂದು, ಅವರ ಸೋಬಾನೆ ಹಾಡನ್ನೆಲ್ಲ ಮನೆ ಕಂಪ್ಯೂಟರ್‌ಗೆ ತುಂಬಿಸಿಟ್ರು. ಆಮೇಲೆ ಅತ್ತೆ ಗಂಟಲಿಗೆ ಆಪರೇಷನ್ ಆಯ್ತು. ಈಗ ಪಿಸುಮಾತು ಬಿಟ್ರೆ ಇನ್ನೇನೂ ಹೊರಡಲ್ಲ. ಅವರ ದನಿ ಅಂತ ಉಳಿದಿರೋದು ಆ ಕಂಪ್ಯೂಟರ್‌ನಲ್ಲಿ, ಆ ಕಂಪ್ಯೂಟರ್ ಉಳಿಯೋದು ಅನುಮಾನ. ರಿಪೇರಿ ಅಂಗಡಿ ಭವಾನಿ ಬಂದು ನೋಡಿ, "ಇದರ ಡಿಸ್ಕ್ ಇವತ್ತೋ ನಾಳೆನೋ. ಇನ್ನೊಂದು ತನ್ನಿ, ಹಾಡೆಲ್ಲ ಅದಕ್ಕೆ ಸಾಗಿಸೋಣ" ಅಂದು ಹೋಗಿದ್ಲು.

"ಒಂದು ಪೆನ್ ಡ್ರೈವ್ ಸಾಕಲ್ವೇನ್ರೀ?" ಅಂದ್ಲು ರಶ್ಮಿ.

"ಪೆನ್ ಡ್ರೈವ್ ಪೆನ್ನಿನ ಜಾತಿ ಮಾರಾಯ್ತಿ. ಯಾರೋ ಒಂದು ನಿಮಿಷ ಅಂತ ಇಸ್ಕೋತಾರೆ, ಆಮೇಲೆ ಪೆನ್ನೂ ಇಲ್ಲ, ಡ್ರೈವೂ ಇಲ್ಲ. ನಾನು ಕಟ್ತಿರೋದು ಉಗ್ರಾಣ! ಅಳಿಯ ಅಂದ್ರೆ ಅಳಿಸೋನಲ್ಲ, ಉಳಿಸೋನು. ಸುಮ್ನೆ ನೋಡ್ತಿರು."

ಉಗ್ರಾಣದ ಐಡಿಯಾ ಹುಟ್ಟಿದ್ದು ಅಟ್ಟದಲ್ಲಿ. ಶಿವಯೋಗಿ ಹೈಸ್ಕೂಲಲ್ಲಿದ್ದಾಗ ಪರೀಕ್ಷೆಗಿಂತ ಹೆಚ್ಚು ಶ್ರದ್ಧೆಯಿಂದ ಆಡ್ತಿದ್ದ ಗೇಮ್ ಬಾಕ್ಸು ಅಲ್ಲಿ ಧೂಳು ತಿಂತಿತ್ತು. "ಇದರೊಳಗೂ ಒಂದು ಹಾರ್ಡ್ ಡಿಸ್ಕ್ ಇದೆ ಭಾವ" ಅಂತ ಅವನು ಬಾಯಿತಪ್ಪಿ ಅಂದಿದ್ದೇ ತಡ, ವಿಜಯಕುಮಾರ ಸ್ಕ್ರೂಡ್ರೈವರ್ ಕೇಳಿದ್ದ.

ವಿಜಯಕುಮಾರ ಶಿವಮೊಗ್ಗದ ಅಡಿಕೆ ಮಂಡಿ ಮನುಷ್ಯ. ಅವನ ಪ್ರಕಾರ ಭಗವಂತ ಸೃಷ್ಟಿ ಮಾಡಿರೋದು ಎರಡೇ: ಸಿಪ್ಪೆ, ತಿರುಳು. ಸುಲಿಯೋದು, ಸಿಪ್ಪೆ ಆಚೆ ಎಸೆಯೋದು, ತಿರುಳು ಒಳಗೆ ಇಡೋದು. ಗೇಮ್ ಬಾಕ್ಸನ್ನೂ ಹಾಗೇ ಸುಲಿದ. ಡಿಸ್ಕ್ ಕೈಗೆ ಬಂತು. ಅಷ್ಟೊತ್ತಿಗೆ ಬೀದೀಲಿ ಗುಜರಿ ಹೊನ್ನಯ್ಯನ ಗಾಡಿ ಕೂಗು ಕೇಳಿಸ್ತು. ಮಿಕ್ಕಿದ ಬಾಕ್ಸು ಗಾಡಿ ಹತ್ತಿತು.

"ಭಾವ, ಅದನ್ಯಾಕೆ ಕೊಟ್ರಿ?"

"ಸಿಪ್ಪೆ ಇಟ್ಕೊಂಡು ಪಾಯಸ ಮಾಡ್ತೀಯೇನೋ?"

ಅತ್ತೆ ಬಂದು ಡಿಸ್ಕಿಗೆ ವಿಭೂತಿ ಇಟ್ರು. ವಿಜಯಕುಮಾರ ಅದನ್ನ ಟವೆಲಲ್ಲಿ ಸುತ್ಕೊಂಡು ಶಿವಮೊಗ್ಗದ ಗೋಪಾಳ ಬಡಾವಣೇಲಿರೋ ತನ್ನ ಮನೆಗೆ ಒಯ್ದ. ವಾರವೆಲ್ಲ ಅದು ಅವನ ಜೊತೆ ಮಂಡಿಗೂ ಹೋಯ್ತು, ದುರ್ಗಿಗುಡಿ ಪೇಟೆಗೂ ಹೋಯ್ತು. ಕಂಡಕಂಡೋರಿಗೆಲ್ಲ ತೋರಿಸಿ, "ನಮ್ಮತ್ತೆ ಹಾಡಿನ ಉಗ್ರಾಣ" ಅಂದ. ಜನ ಅದನ್ನ ತಿರುಗಿಸಿ ನೋಡಿ, ಕಿವಿ ಹತ್ರ ಹಿಡಿದು, ಏನೂ ಕೇಳಿಸ್ದೆ ವಾಪಸ್ ಕೊಟ್ರು.

ಮುಂದಿನ ಭಾನುವಾರ ಭದ್ರಾವತೀಲಿ ಉದ್ಘಾಟನೆ. ಭವಾನಿ ಬಂದು ಡಿಸ್ಕನ್ನ ಕಂಪ್ಯೂಟರ್‌ಗೆ ಜೋಡಿಸಿದ್ಲು. ಪರದೆ ನೋಡಿದ್ಲು. ವೈರ್ ಕಿತ್ತು ಮತ್ತೆ ಹಾಕಿದ್ಲು.

"ವಿಚಿತ್ರ ಅಣ್ಣಾ. ಡಿಸ್ಕ್ ಇದೆ ಅಂತ ತೋರಿಸ್ತಿದೆ. ಆದ್ರೆ ಓದಕ್ಕೂ ಬಿಡಲ್ಲ, ಬರೆಯಕ್ಕೂ ಬಿಡಲ್ಲ. ಪೂರ್ತಿ ಅಳಿಸಿ ಹೊಸದಾಗಿ ಮಾಡ್ತೀನಿ ಅಂದ್ರೂ ಒಪ್ಪಲ್ಲ."

"ಇದ್ದೂ ಇಲ್ಲ ಅಂದ್ರೆ ಏನಮ್ಮ? ಡಿಸ್ಕೋ, ಬ್ರಹ್ಮವೋ?" ಅಂದ್ರು ಮಾವ.

"ಬೀಗ ಬಿದ್ದಿದೆ ಅಂಕಲ್. ಪಾಸ್‌ವರ್ಡ್ ಬೇಕಂತೆ."

ಎಲ್ಲರೂ ಶಿವಯೋಗಿ ಕಡೆ ತಿರುಗಿದ್ರು. "ನಾನು ಯಾವತ್ತೂ ಪಾಸ್‌ವರ್ಡ್ ಹಾಕಿಲ್ಲ, ಆಣೆಗೂ!" ಅಂದ ಅವನು.

"ಹುಡುಗೀರ ಹೆಸರು ಏನಾದ್ರೂ ಇಟ್ಟಿದ್ಯೇನೋ? ನಾಚ್ಕೋಬೇಡ, ಮನೆಯೋರೇ ಇರೋದು."

"ಭಾವ!"

ಮನೆದೇವರ ಹೆಸರು ಹೇಳಿ ನೋಡು ಅಂದ್ರು ಒಬ್ರು. ಮದುವೆ ತಾರೀಕು ಅಂದ್ರು ಇನ್ನೊಬ್ರು. ಮಾವ ತಮ್ಮ ಹಳೇ ಫ್ಯಾಕ್ಟರಿ ಟೋಕನ್ ನಂಬರ್ ಹೇಳಿ, "ಅದಕ್ಕೆ ಗೇಟೇ ತೆರೀತಿತ್ತು, ಇದೇನು ಮಹಾ" ಅಂದ್ರು. ಟೈಪ್ ಮಾಡೋ ಜಾಗಾನೇ ಇಲ್ಲ ಅಂತ ಭವಾನಿ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಅವಳೂ ತಲೆ ಕೆರ್ಕೊಂಡು ಮೊಬೈಲಲ್ಲಿ ಓದ್ತಾ ಕೂತ್ಲು. ಓದಿದಷ್ಟೂ ಹುಬ್ಬು ಮೇಲೇರ್ತಿತ್ತು.

"ಗೊತ್ತಾಯ್ತು, ಅನ್ಸುತ್ತೆ. ಈ ಬೀಗ ಮನುಷ್ಯರು ಹಾಕಿದ್ದಲ್ಲ. ಆ ಗೇಮ್ ಬಾಕ್ಸೇ ತನ್ನ ಡಿಸ್ಕಿಗೆ ತಾನೇ ಹಾಕ್ಕೊಂಡಿರೋದು. ಬೀಗದ ಕೈ ಬಾಕ್ಸಿನ ಬೋರ್ಡಲ್ಲಿ ಇರುತ್ತಂತೆ. ಆ ಬಾಕ್ಸ್ ತನ್ನಿ ಅಣ್ಣಾ, ಏನೋ ಒಂದು ನೋಡೋಣ."

ಈ ಸಲ ಎಲ್ಲರೂ ವಿಜಯಕುಮಾರನ ಕಡೆ ತಿರುಗಿದ್ರು. ಶಿವಯೋಗಿ ಬಹಳ ಮೆತ್ತಗೆ, "ಪಾಯಸ" ಅಂದ.

ವಿಜಯಕುಮಾರ ಡಿಸ್ಕನ್ನ ಕಿತ್ತು ಜೇಬಿಗೆ ಹಾಕ್ಕೊಂಡು ಬೈಕ್ ಹತ್ತಿದ. ಹೊಳೆ ಸೇತುವೆ ದಾಟೋವರೆಗೂ ಅವನ ತಲೇಲಿ ಒಂದೇ ತಕರಾರು. ಅಡಿಕೆ ಯಾವತ್ತಾದ್ರೂ ತನ್ನ ಸಿಪ್ಪೇಲಿ ಬೀಗದ ಕೈ ಇಟ್ಟಿದ್ದುಂಟಾ? ಹಲಸು ಇಟ್ಟಿದೆಯಾ, ತೆಂಗು ಇಟ್ಟಿದೆಯಾ? ಇದ್ಯಾವ ಕಳ್ಳ ಫಸಲು? ಅಷ್ಟ್ರಲ್ಲಿ ಆ ಕಡೆ ಕಂಪ್ಯೂಟರ್ ಕಣ್ಣು ಮುಚ್ಚಿದ್ರೆ ಅತ್ತೆಗೆ ಯಾವ ಮುಖ ತೋರಿಸೋದು?

ಗುಜರಿ ಅಂಗಡೀಲಿ ಹೊನ್ನಯ್ಯ ರಾಶಿಯೊಳಗೆ ಕೈ ಹಾಕಿ ಬಾಕ್ಸು ಎಳೆದೇ ಬಿಟ್ಟ. "ಇದೇ ತಾನೆ ಸಾರ್?"

ವಿಜಯಕುಮಾರ ಅದನ್ನ ಮಗೂನ ಎತ್ಕೊಂಡಂಗೆ ಎತ್ಕೊಂಡ. ಹಗುರ ಅನ್ನಿಸ್ತು. ಮುಚ್ಚಳ ಎತ್ತಿ ನೋಡಿದ್ರೆ ಒಳಗೆ ಬಟಾಬಯಲು.

"ಇದರೊಳಗಿನ ಬೋರ್ಡು?"

"ಅದನ್ನ ಮೊನ್ನೆನೇ ಬಿಚ್ಚಿ ಬೆಂಗ್ಳೂರು ಲಾರಿಗೆ ಹಾಕ್ದೆ ಸಾರ್. ನಮಗೆ ಬೇಕಾಗಿದ್ದೇ ಅದು. ಈ ಪ್ಲಾಸ್ಟಿಕ್ಕು ಬರೀ ಸಿಪ್ಪೆ, ನೀವೇ ತಗೊಂಡೋಗಿ."

ಅಷ್ಟ್ರಲ್ಲಿ ಫೋನ್ ಬಂತು. ಎತ್ತಿದ್ರೆ ಅತ್ತೆ ಹಾಡ್ತಿದಾರೆ! ಪಿಸುಮಾತಲ್ಲ, ಚಪ್ಪರಕ್ಕೆ ಕೇಳಿಸೋ ಅಂಥ ಹಳೇ ದನಿ. ವಿಜಯಕುಮಾರ ಬಾಕ್ಸ್ ಕೆಳಗೆ ಬಿಟ್ಟ.

"ರಶ್ಮಿ! ಅತ್ತೆಗೆ ಗಂಟಲು ವಾಪಸ್ ಬಂತಾ?"

"ಗಂಟಲಲ್ಲ ರೀ, ನನ್ನ ಮೊಬೈಲು. ನೀವು ಹೊರಟ ಮೇಲೆ ಭವಾನಿ ವೈರ್ ಹಾಕಿ ಹಾಡೆಲ್ಲ ಇದಕ್ಕೇ ಎಳ್ಕೊಂಡ್ಲು. ಕಾಫಿ ಆರೋದ್ರೊಳಗೆ ಮುಗೀತು. ಅಪ್ಪನ ಫೋನಿಂದ ಮಾಡ್ತಿದೀನಿ."

"ಮತ್ತೆ ಡಿಸ್ಕ್ ಬೇಕೇಬೇಕು ಅಂದಿದ್ಲಲ್ಲ?"

ಭವಾನಿ ಫೋನ್ ಇಸ್ಕೊಂಡ್ಲು. "ಮೊದಲು ಹಾಡು ಎಷ್ಟಿದೆ ಅಂತ ನೋಡ್ದೇನೇ ಹೇಳ್ಬಿಟ್ಟೆ ಅಣ್ಣಾ. ಆಮೇಲೆ ನೀವೂ ಉಗ್ರಾಣ, ಉಗ್ರಾಣ ಅಂತಿದ್ರಲ್ಲ, ಮನೆ ತುಂಬ ಸರಕು ಇರುತ್ತೆ ಅಂದ್ಕೊಂಡೆ. ಬಿಚ್ಚಿ ನೋಡಿದ್ರೆ ಒಂದು ಹಿಡಿ."

ವಿಜಯಕುಮಾರನಿಗೆ ಖುಷಿ ಪಡಬೇಕೋ ಅವಮಾನ ಪಡಬೇಕೋ ತಿಳೀಲಿಲ್ಲ. "ಅತ್ತೆ ಏನಂತಾರೆ?" ಅಂತ ಕೇಳ್ದ.

"ಕಣ್ಣು ಒರೆಸ್ಕೊಂಡು, ಎರಡನೇ ಸಾಲು ತಪ್ಪು ಹಾಡಿದೀನಿ, ಅದೊಂದನ್ನ ಅಳಿಸಕ್ಕಾಗುತ್ತಾ ಅಂತಿದಾಳೆ ಅಮ್ಮ" ಅಂದ್ಲು ಫೋನ್ ವಾಪಸ್ ತಗೊಂಡ ರಶ್ಮಿ.

ಹೊನ್ನಯ್ಯ ಎಲ್ಲ ಕೇಳಿಸ್ಕೊಂಡು ತಕ್ಕಡಿ ಮುಂದಕ್ಕೆ ತಳ್ಳಿದ.

"ಜೇಬಲ್ಲಿರೋದನ್ನೂ ಇಲ್ಲಿಡಿ ಸಾರ್. ಬೀಗ ಬಿದ್ದಿದ್ರೂ ತೂಕಕ್ಕೇನೂ ಅಡ್ಡಿ ಇಲ್ಲ."